ಬಹಾದ್ದೂರನ ಹವಾಖೋರಿ

ಹೆಂಡತಿಯ ಮಾತು ಕೇಳಿ ಕೆಟ್ಟೆ ಎನ್ನುವ ಗಂಡಸರು ಕಲಬುರ್ಗಿಯಲ್ಲಿ ಓಣಿಗೊಬ್ಬರು ಸಿಗುತ್ತಾರೆ. ಕೇಳದೆ ಕೆಟ್ಟೆ ಎನ್ನುವವರು ಓಣಿಗಿಬ್ಬರು. ಆದರೆ ಹೆಂಡತಿಯ ಮಾತನ್ನು ಒಂದು ತಿಂಗಳ ಕಾಲ ದಿನಾಲೂ ಕಿವಿ ನಿಮಿರಿಸಿ, ಒಂದಕ್ಷರ ಬಿಡದೆ ಕೇಳಿಸಿಕೊಂಡು, ಆಮೇಲೂ ಕೆಟ್ಟವನು ಬ್ರಹ್ಮಪುರದ ಕಲ್ಯಾಣಪ್ಪ ಒಬ್ಬನೇ. ಅವನನ್ನು ಬೈಯಲು ಹೋದರೆ ಪಾಪ ಅನ್ನಿಸುತ್ತದೆ. ಬೈಯದೆ ಬಿಟ್ಟರೆ ನನಗೇ ಹೊಟ್ಟೆಯುರಿ ತಾಳಲಾಗುವುದಿಲ್ಲ. ಅದಕ್ಕೇ ಇದನ್ನೆಲ್ಲ ಹೇಳುತ್ತಿದ್ದೇನೆ.

ಕಲ್ಯಾಣಪ್ಪ ನಿಜಾಮ್ ಸರಕಾರದ ಅಹಲ್ಕಾರ, ಅಂದರೆ ಕಚೇರಿಯಲ್ಲಿ ಕೂತು ಕಾಗದ ಬರೆಯುವವ. ಕರಿ ಶೇರ್ವಾನಿ, ಬಿಳಿ ರುಮಾಲು, ಕಂಕುಳಲ್ಲಿ ಕೊಡೆ. ಬಾಯಲ್ಲಿ ಎರಡೇ ಮಾತು. ಕಚೇರಿಯಲ್ಲಿ "ಜೀ ಹುಜೂರ್", ಮನೆಯಲ್ಲಿ "ಹೂಂ". ಈ ಎರಡರ ಬಲದಿಂದ ಅವನು ಹನ್ನೊಂದು ವರ್ಷ ನೌಕರಿಯನ್ನೂ ಅಷ್ಟೇ ವರ್ಷ ಸಂಸಾರವನ್ನೂ ಯಾವ ತಂಟೆ ತಕರಾರಿಲ್ಲದೆ ನಡೆಸಿಕೊಂಡು ಬಂದಿದ್ದ. (ತಕರಾರು ಇರಲಿಲ್ಲ ಎಂದು ಹೇಳುತ್ತಿದ್ದವನು ಅವನು. ಹೆಂಡತಿಯನ್ನು ಯಾರೂ ಕೇಳಿರಲಿಲ್ಲ.)

ಆ ಹೆಂಡತಿಯ ಹೆಸರು ಅಂಬಮ್ಮ, ತವರು ಕಮಲಾಪುರ. ಮದುವೆಯಾದ ಎರಡನೆಯ ವರ್ಷ ಪಂಚಮಿಗೆಂದು ತವರಿಗೆ ಹೋದವಳನ್ನು ಕಲ್ಯಾಣಪ್ಪನೇ ಹೋಗಿ ಕರೆತಂದಿದ್ದ. ಬಂಡಿ ಕಮಲಾಪುರದ ಬಾಳೆಯ ತೋಟಗಳನ್ನು ದಾಟಿದಲ್ಲಿಂದ ಕಲಬುರ್ಗಿಯ ಕೋಟೆ ಕಣ್ಣಿಗೆ ಬೀಳುವವರೆಗೆ ಆಕೆ ಸೆರಗು ಬಾಯಿಗೆ ಹಿಡಿದು ಅತ್ತಿದ್ದಳು. ಎತ್ತುಗಳಿಗೆ ಭಾರವಾಗಬಾರದೆಂದು ಬಂಡಿಯ ಮುಂದೆ ನಡೆದು ಹೊರಟಿದ್ದ ಕಲ್ಯಾಣಪ್ಪ ಅದನ್ನು ನೋಡಿದ. ಯಾಕೆ ಅಳುತ್ತಿ ಎಂದು ಕೇಳಲಿಲ್ಲ. ತವರು ಬಿಟ್ಟು ಬರುವ ಹೆಣ್ಣು ಅಳದೆ ಇನ್ನೇನು ಮಾಡುತ್ತಾಳೆ, ಅದರಲ್ಲಿ ಕೇಳುವುದೇನಿದೆ ಎಂದುಕೊಂಡ. ಅಂದೇ ಮನಸ್ಸಿನಲ್ಲಿ ಪಣ ತೊಟ್ಟ, ಹೇಗಾದರೂ ಮಾಡಿ ಕಮಲಾಪುರಕ್ಕೆ ಗಿರ್ದಾವರನಾಗಿ, ಅಂದರೆ ಕಂದಾಯದ ತನಿಖೆ ಮಾಡುವವನಾಗಿ, ಬದಲಿ ಮಾಡಿಸಿಕೊಂಡು ಇವಳ ಕಣ್ಣೀರು ಒರೆಸಬೇಕು ಎಂದು. ಮರುವರ್ಷದಿಂದಲೇ ಅರ್ಜಿ ಶುರುವಾಯಿತು. ವರ್ಷಕ್ಕೊಂದರಂತೆ ಒಂಬತ್ತು ಅರ್ಜಿ, ಒಂದಕ್ಕಿಂತ ಒಂದು ಸುಂದರವಾದ ಉರ್ದು ಅಕ್ಷರದಲ್ಲಿ.

ಮೊದಲ ಅರ್ಜಿ ಹಾಕಿದ ದಿನ ಹೆಂಡತಿಗೂ ತಿಳಿಸಿದ್ದ.

"ಕಮಲಾಪುರಕ್ಕ ಬದಲಿ ಕೇಳೀನಿ."

"ನಿಮ್ಮ ಮರ್ಜಿ ರೀ," ಎಂದಿದ್ದಳು ಅಂಬಮ್ಮ.

ಆನಂದಕ್ಕೆ ಅವಳ ಗಂಟಲು ಕಟ್ಟಿದೆ ಎಂದು ಅವನು ತಿಳಿದ.

ಇಂಥ ಕಲ್ಯಾಣಪ್ಪನಿಗೆ ಮೇಲಧಿಕಾರಿಯಾಗಿ ಬಂದವರು ಮಂಜೂರ್ ಅಲಿ ಸಾಹೇಬರು. (ಹೆಸರೇನೋ ಮಂಜೂರ್. ಆದರೆ ಬಂದು ವರ್ಷವಾದರೂ ಕಲ್ಯಾಣಪ್ಪನ ಒಂದು ಕಾಗದವೂ ಅವರ ಕೈಯಲ್ಲಿ ಮಂಜೂರಾಗಿರಲಿಲ್ಲ.) ಸಾಹೇಬರಿಗೆ ಶಿಕಾರಿಯ ಹುಚ್ಚು. ಅದಕ್ಕೆಂದು ಹೈದರಾಬಾದಿನಿಂದ ತರಿಸಿದ ಒಂದು ನಾಯಿ, ಅದರ ಹೆಸರು ಬಹಾದ್ದೂರ್. ದೀಪಾವಳಿ ಕಳೆದ ಮೇಲೊಂದು ದಿನ ಸಾಹೇಬರು ಕಲ್ಯಾಣಪ್ಪನನ್ನು ಕರೆಸಿದರು. ತಾವು ಒಂದು ತಿಂಗಳು ಹೈದರಾಬಾದಿಗೆ ಹೋಗುವವರಿದ್ದಾರೆ. ಜೊತೆಗೆ ಚಪ್ರಾಸಿ ಇಮಾಮುದ್ದೀನನೂ ಬರುತ್ತಾನೆ. ಬಂಗಲೆಯಲ್ಲಿ ಉಳಿಯುವ ಬೇಗಂ ಸಾಹೇಬರು ನಮಾಜು ಮಾಡುವ ಮನೆಯ ಹತ್ತಿರ ನಾಯಿಯನ್ನು ಸೇರಿಸುವುದಿಲ್ಲ. ಆದ್ದರಿಂದ ಬಹಾದ್ದೂರನನ್ನು ಕಲ್ಯಾಣಪ್ಪ ಇಟ್ಟುಕೊಳ್ಳಬೇಕು.

"ಜೀ ಹುಜೂರ್," ಎಂದ ಕಲ್ಯಾಣಪ್ಪ.

ದಿನಾ ಸಂಜೆ ಅಪ್ಪನ ಕೆರೆಯ ದಂಡೆಗುಂಟ ಅದಕ್ಕೆ ಹವಾಖೋರಿ ಆಗಬೇಕು, ಅಂದರೆ ಗಾಳಿ ತಿನ್ನಿಸಬೇಕು.

"ಜೀ ಹುಜೂರ್."

ದಿನಾ ಮೋಮಿನಪುರದ ಕಸಾಯಿ ಅಂಗಡಿಯಿಂದ ಅರ್ಧ ಸೇರು ತಾಜಾ ಗೋಷ್ತ್ ತಂದು ಹಾಕಬೇಕು.

"ಜೀ ಹುಜೂರ್." (ಮಾತು ಕಿವಿಗೆ ಮುಟ್ಟುವ ಮೊದಲೇ ಬಾಯಿಂದ ಉತ್ತರ ಹೋಗಿಬಿಟ್ಟಿತ್ತು.)

ಬಂದ ಮೇಲೆ ನಿನ್ನ ಕಮಲಾಪುರದ ಅರ್ಜಿ ನೋಡುತ್ತೇನೆ ಎಂದರು ಸಾಹೇಬರು. ನಾಲ್ಕನೆಯ "ಜೀ ಹುಜೂರ್" ಎಷ್ಟು ಜೋರಾಗಿ ಬಂತೆಂದರೆ, ಮೂಲೆಯಲ್ಲಿ ಮಲಗಿದ್ದ ನಾಯಿ ಎದ್ದು ನಿಂತಿತು.

ಮನೆಯ ಬಾಗಿಲಲ್ಲಿ ಅಂಬಮ್ಮ ಸೊಂಟಕ್ಕೆ ಕೈಯಿಟ್ಟು ನೋಡಿದಳು. ನಾಯಿ ಕರುವಿನಷ್ಟಿತ್ತು.

"ಇದೇನ್ರಿ ಇದು?"

"ನಾಯಿ."

"ಅದು ನನಗೂ ಕಾಣಾಕತ್ತದ. ನಮ್ಮ ಬಾಗಲಕ್ಕ ಯಾಕ ಬಂತು?"

"ಸಾಹೇಬರದು. ಒಂದು ತಿಂಗಳ ಇರ್ತದ."

"ಒಂದು ತಿಂಗಳಾ? ಏನ್ ತಿಂತದ ಇದು?"

ಕಲ್ಯಾಣಪ್ಪ ಕೊಡೆಯನ್ನು ಈ ಕಂಕುಳಿಂದ ಆ ಕಂಕುಳಿಗೆ ಬದಲಾಯಿಸಿದ. ಗಂಟಲು ಸರಿಮಾಡಿಕೊಂಡ. "ಮೋಮಿನಪುರದಿಂದ ದಿನಾ ಸ್ವಲ್ಪ..." ಎಂದು ಶುರುಮಾಡಿ ಅಲ್ಲಿಗೇ ನಿಲ್ಲಿಸಿದ. ಆದರೆ ಅಂಬಮ್ಮನಿಗೆ ಅಷ್ಟೇ ಸಾಕಾಯಿತು.

"ಶಿವಾ ಶಿವಾ! ಲಿಂಗಪೂಜಿ ನಡಿಯೋ ಮನ್ಯಾಗ ಏನ್ ಮಾತಾಡಾಕತ್ತೀರಿ? ಅದು ಈ ಬಾಗಲದಿಂದ ಒಳಗ ಬಂತಂದ್ರ ನಾ ಹಿತ್ತಲ ಬಾಗಲದಿಂದ ಹೊರಗ ಹೊಂಟೆ, ನೋಡ್ರಿ ಮತ್ತ!"

"ಹಂಗಾರ ಅದಕ್ಕ ಏನ್ ಹಾಕ್ತಿ?"

"ನಿಮಗ ಏನ್ ಹಾಕ್ತೀನಿ, ಅದನ್ನ. ನೀವು ಹನ್ನೊಂದು ವರ್ಷದಿಂದ ತಿಂದು ಗಟ್ಟಿ ಇಲ್ಲೇನು?"

ಹೀಗೆ ಹೈದರಾಬಾದಿನ ಶಿಕಾರಿ ನಾಯಿಗೆ ಬ್ರಹ್ಮಪುರದಲ್ಲಿ ಜೋಳದ ರೊಟ್ಟಿಯ ದೀಕ್ಷೆಯಾಯಿತು. ಮೊದಲ ದಿನ ಬಹಾದ್ದೂರ್ ರೊಟ್ಟಿಯನ್ನು ಮೂಸಿ, ಅಂಬಮ್ಮನಿಗೆ ಬೆನ್ನು ತಿರುಗಿಸಿ ಮಲಗಿದ. ಎರಡನೆಯ ದಿನ ಹೊಟ್ಟೆ ಒಳಗೊಳಗೇ ಗುರುಗುಟ್ಟಿದರೂ ಮಾನ ಬಿಡಲಿಲ್ಲ. ಮೂರನೆಯ ದಿನ ಅಂಬಮ್ಮ ರೊಟ್ಟಿಯನ್ನು ಹಾಲಿನಲ್ಲಿ ಕಿವುಚಿ, ಮೇಲೆ ಒಂದು ಚಮಚ ತುಪ್ಪ ಹಾಕಿ ಇಟ್ಟಳು. ಬಟ್ಟಲು ತೊಳೆಯುವ ಕೆಲಸವೇ ಉಳಿಯಲಿಲ್ಲ.

ಹವಾಖೋರಿಯದು ಬೇರೆ ಕಥೆ. ಅಪ್ಪನ ಕೆರೆಯ ದಂಡೆಯೆಂದರೆ ಸಂಜೆ ಹೊತ್ತು ಅರ್ಧ ಊರು ಅಲ್ಲಿರುತ್ತದೆ. ಗುಡಿಗೆ ಹೋಗಿ ಬರುವವರು, ಕಟ್ಟೆಯ ಮೇಲೆ ಕೂತು ಸರಕಾರ ನಡೆಸುವವರು, ಸುಮ್ಮನೆ ನೀರು ನೋಡುವವರು. ಇವರೆಲ್ಲರ ನಡುವೆ ಸರಕಾರಿ ಅಹಲ್ಕಾರನೊಬ್ಬ ಹಗ್ಗದ ಒಂದು ತುದಿಯಲ್ಲಿ, ಸಾಹೇಬರ ನಾಯಿ ಇನ್ನೊಂದು ತುದಿಯಲ್ಲಿ. ಮುಂದಿದ್ದದ್ದು ನಾಯಿ. ಕಪ್ಪೆ ಕಂಡರೆ ಕೆರೆಯ ಕಡೆಗೆ ಎಳೆಯಿತು, ಮೇಕೆ ಕಂಡರೆ ಊರ ಕಡೆಗೆ ಎಳೆಯಿತು. ಒಮ್ಮೆ ಎಳೆದ ರಭಸಕ್ಕೆ ಕಲ್ಯಾಣಪ್ಪನ ರುಮಾಲು ಜಾರಿ ಮಣ್ಣಿಗೆ ಬಿತ್ತು. ಪಕ್ಕದ ಮನೆಯ ಅರಿವೆ ವ್ಯಾಪಾರಿ ಅಣವೀರಪ್ಪ ಕಟ್ಟೆಯ ಮೇಲಿಂದಲೇ ಕೂಗಿದ.

"ಅಹಲ್ಕಾರ್ ಸಾಬ್ರ, ಇವತ್ತ ನಾಯಿನ್ನ ನೀವು ತಿರುಗಾಡಸಾಕತ್ತೀರೋ, ನಿಮ್ಮನ್ನ ನಾಯಿ ತಿರುಗಾಡಸಾಕತ್ತದೋ? ಒಂದೀಟು ತಿಳಿಸಿ ಹೇಳ್ರಿ, ನಮಸ್ಕಾರ ಯಾರಿಗಿ ಮೊದಲ ಮಾಡಬೇಕಂತ ಗೊತ್ತಾಗ್ಲಿ!"

ಕಟ್ಟೆಯೆಲ್ಲ ನಕ್ಕಿತು. ಮೂರು ಸಂಜೆ ಈ ಮರ್ಯಾದೆ ಅನುಭವಿಸಿದ ಕಲ್ಯಾಣಪ್ಪನಿಗೆ ನಾಲ್ಕನೆಯ ದಿನ ಕಚೇರಿಯಲ್ಲಿ ಕಾಗದ ಬರೆಯುತ್ತಿರುವಾಗ ಒಂದು ಭವ್ಯವಾದ ವಿಚಾರ ಹೊಳೆಯಿತು.

ಮರ್ಯಾದಸ್ಥರ ಮನೆಯ ಹೆಂಗಸು ರಸ್ತೆಯಲ್ಲಿ ಗಂಡನ ಹಿಂದೆ ಹತ್ತು ಹೆಜ್ಜೆ ಬಿಟ್ಟು ನಡೆಯಬೇಕು. ಇದು ರೂಢಿ. ನಾಯಿಯ ಹಗ್ಗವನ್ನು ಅವಳ ಕೈಗೆ ಕೊಟ್ಟರೆ? ಮುಂದೆ ತಾನು ಕೊಡೆ ಹಿಡಿದು ಗಂಭೀರವಾಗಿ ಹೋಗುವುದು. ಹಿಂದೆ ಹೆಂಡತಿ, ಅವಳ ಜೊತೆ ಒಂದು ನಾಯಿ. ಗಂಡಸಿನ ಕೈಯಲ್ಲಿ ಇದ್ದರೆ ಅದು ಸಾಹೇಬರ ನಾಯಿ, ಹೆಂಗಸಿನ ಕೈಯಲ್ಲಿ ಇದ್ದರೆ ಅದು ಮನೆಯ ನಾಯಿ. ಅಣವೀರಪ್ಪನ ಬಾಯಿ ಮುಚ್ಚಿತು, ಸಾಹೇಬರ ಹುಕುಮೂ ನಡೆಯಿತು. ಎಂಥ ತಲೆ ನೋಡಿ!

ಮನೆಗೆ ಬಂದವನೇ ಹೇಳಿದ. "ಇವತ್ತ ಸಂಜಿಗಿ ಕೆರಿ ದಂಡಿಗಿ ಹೋಗಬೇಕು. ನೀನೂ ಬಾ."

ಅಂಬಮ್ಮ ಹಿಟ್ಟು ಸಾಣಿಸುವುದನ್ನು ನಿಲ್ಲಿಸಿದಳು.

"ಯಾರು, ನಾನಾ?"

"ಹೂಂ."

"ಕೆರಿಗಿ? ತಿರುಗಾಡಾಕ?"

"ಹೂಂ."

"ಖರೇನಾ?"

ಅವಳು ಆ ಕೆರೆಯನ್ನು ಹನ್ನೊಂದು ವರ್ಷದಲ್ಲಿ ಎರಡು ಸಲ ನೋಡಿದ್ದಳು. ಮನೆಯಿಂದ ಅಲ್ಲಿಗೆ ಕಾಲು ಗಂಟೆಯ ದಾರಿ. ಅವಳು ಒಳಗೆ ಹೋಗಿ ಟ್ರಂಕಿನ ತಳದಿಂದ ಹಸಿರು ಇಳಕಲ್ ಸೀರೆ ತೆಗೆದಳು. ತುರುಬಿಗೆ ಅಬ್ಬಲಿಗೆ ಮುಡಿದಳು. ಕನ್ನಡಿಯ ಮುಂದೆ ಎರಡು ಸಲ ನಿಂತು ಹೊರಗೆ ಬಂದಳು. ಕಲ್ಯಾಣಪ್ಪ ಅವಳನ್ನು ನೋಡಿ, ನಾಯಿಯನ್ನು ನೋಡಿ, "ನಾಯಿ ಹಿಡ್ಕೊಂಡು ಬರಾಕ ಇಷ್ಟ್ಯಾಕ ಸಿಂಗಾರ?" ಎಂದ.

ಅಯ್ಯೋ ಮಾರಾಯಾ! ಆಗ ಅವನ ಬಾಯಿಗೆ ಒಂದು ಹಿಡಿ ಉಪ್ಪು ತುರುಕುವವರು ಯಾರೂ ಇರಲಿಲ್ಲವಲ್ಲ ಎಂದು ಈಗಲೂ ನನಗೆ ಕೈ ತುರಿಸುತ್ತದೆ. ಅಂಬಮ್ಮನ ಮುಖ ಒಂದು ಕ್ಷಣ ಇಳಿಯಿತು. "ಹೌದಲ್ಲ," ಎಂದಷ್ಟೇ ಹೇಳಿ ಹಗ್ಗ ತೆಗೆದುಕೊಂಡಳು. ಹೂವನ್ನು ಮಾತ್ರ ತೆಗೆಯಲಿಲ್ಲ.

ಮೆರವಣಿಗೆ ಹೊರಟಿತು. ಮುಂದೆ ಕಲ್ಯಾಣಪ್ಪ, ಹತ್ತು ಹೆಜ್ಜೆ ಹಿಂದೆ ಅಂಬಮ್ಮ, ಅವಳ ಪಕ್ಕಕ್ಕೆ ಬಹಾದ್ದೂರ್. ಸೆರಗಿನ ತುದಿಯಲ್ಲಿ ರೊಟ್ಟಿಯ ಚೂರು ಗಂಟು ಹಾಕಿಕೊಂಡಿದ್ದಳು. ಕಪ್ಪೆ ಹಾರಲಿ, ಮೇಕೆ ಒದರಲಿ, ನಾಯಿ ಆ ಗಂಟು ಬಿಟ್ಟು ಬೇರೆ ಏನನ್ನೂ ನೋಡಲಿಲ್ಲ. ಕಟ್ಟೆಯ ಮೇಲಿನ ಅಣವೀರಪ್ಪ ಬಾಯಿ ತೆರೆದು ಮುಚ್ಚಿ, ಕೊನೆಗೆ "ಶರಣ್ರೀ" ಎಂದಷ್ಟೇ ಅಂದ. ಕಲ್ಯಾಣಪ್ಪನಿಗೆ ಎದೆ ಒಂದು ಗೇಣು ಉಬ್ಬಿತು.

ಜನ ಕಡಿಮೆಯಾದ ಕಡೆಗೆ ಬಂದಾಗ ಹಿಂದಿನಿಂದ ಧ್ವನಿ ಕೇಳಿಸಿತು.

"ನೋಡೋ ಬಹಾದ್ದೂರಾ, ರಾತ್ರಿ ನಿನಗ ನಿದ್ದಿ ಆತೇನು? ನನಗ ಆಗ್ಲಿಲ್ಲಪಾ. ನಮ್ಮ ಮನ್ಯಾಗ ಒಬ್ಬರು ಗೊರಕಿ ಹೊಡೀತಾರ ನೋಡು, ಮ್ಯಾಲಿನ ಜಂತಿ ಅಳ್ಳಾಡ್ತದ. ಹಗಲೆಲ್ಲಾ ಬಾಯಿ ಮುಚ್ಕೊಂಡಿರ್ತಾರಲ್ಲ, ಅದನ್ನೆಲ್ಲಾ ರಾತ್ರಿ ತಗದು ಬಿಡ್ತಾರ."

ಕಲ್ಯಾಣಪ್ಪ ಬೆಚ್ಚಿಬಿದ್ದು ಅತ್ತಿತ್ತ ನೋಡಿದ. ಯಾರೂ ಕೇಳಿಸಿಕೊಂಡಿರಲಿಲ್ಲ. ತಿರುಗಿ ನೋಡೋಣವೆಂದರೆ, ನಡುರಸ್ತೆಯಲ್ಲಿ ಹೆಂಡತಿಯ ಮುಖ ನೋಡಿ ಮಾತಾಡುವುದು ಮರ್ಯಾದಸ್ಥರ ಲಕ್ಷಣವಲ್ಲ. ಹಾಗೇ ಮುಂದೆ ನಡೆದ. ಆದರೆ ಕಿವಿ ಹಿಂದೆ ಉಳಿಯಿತು. ಅವಳು ಪಕ್ಕದ ಮನೆಯ ಬೆಕ್ಕಿನ ಸುದ್ದಿ ಹೇಳಿದಳು. ಬಳೆಗಾರ್ತಿ ಸಾಬಮ್ಮನ ಮೂರನೆಯ ಮಗಳ ಸುದ್ದಿ ಹೇಳಿದಳು. ನೀರಿನ ಮೇಲೆ ಬೀಳುವ ಸಂಜೆಯ ಬಣ್ಣ ಅರಿಶಿಣ ಕಲಸಿದ ಹಾಗಿದೆ ಎಂದಳು. ಇಷ್ಟು ಮಾತು ಈ ಹೆಂಗಸಿನ ಹೊಟ್ಟೆಯಲ್ಲಿ ಎಲ್ಲಿ ಕೂತಿತ್ತು ಎಂದು ಅವನಿಗೆ ಸೋಜಿಗವಾಯಿತು.

ಮರುದಿನ ಇನ್ನಷ್ಟು ಚೆನ್ನಾಗಿ ಕೇಳಿಸಲೆಂದು ಹೆಜ್ಜೆ ನಿಧಾನ ಮಾಡಿದ. ಅವಳೂ ನಿಧಾನ ಮಾಡಿದಳು. ಕಾಲಿನ ಜೋಡು ಸರಿಮಾಡುವ ನೆಪದಲ್ಲಿ ನಿಂತ. ಅವಳೂ ನಿಂತಳು, ನಾಯಿ ಕೂತಿತು. ಹತ್ತು ಹೆಜ್ಜೆ ಹತ್ತೇ ಉಳಿಯಿತು. ಅದೃಷ್ಟಕ್ಕೆ ಗಾಳಿ ಅವನ ಕಡೆಗಿತ್ತು. ಹೋಗುವಾಗ ಪೂರ್ವಕ್ಕೆ ಮುಖ ಮಾಡಿದರೂ ಅವಳ ಮಾತು ನಿಚ್ಚಳವಾಗಿ ಕೇಳಿಸುತ್ತಿತ್ತು, ಬರುವಾಗ ಪಶ್ಚಿಮಕ್ಕೆ ಮುಖ ಮಾಡಿದರೂ ನಿಚ್ಚಳವಾಗಿ ಕೇಳಿಸುತ್ತಿತ್ತು. (ಕಲಬುರ್ಗಿಯ ಗಾಳಿಗೆ ಆ ತಿಂಗಳು ಏನಾಗಿತ್ತೋ. ಕಲ್ಯಾಣಪ್ಪ ಆ ಬಗ್ಗೆ ತಲೆ ಕೆಡಿಸಿಕೊಳ್ಳಲಿಲ್ಲ.)

ಒಂದು ಸಂಜೆ ಅವಳು ನಾಯಿಗೆ ಹೇಳಿದಳು. "ನೀ ರೊಟ್ಟಿ ತಿಂದು ಬಾಲರೇ ಅಲ್ಲಾಡಸ್ತೀ. ಅವರು ಹನ್ನೊಂದು ವರ್ಷ ಉಂಡಾರ. ಛಲೋ ಆಗ್ಯದೋ ಕೆಟ್ಟದೋ, ಒಂದು ಮಾತಿಲ್ಲ."

ಮರುದಿನ ಊಟಕ್ಕೆ ಕೂತಾಗ ಕಲ್ಯಾಣಪ್ಪ ನಾಲ್ಕು ಸಲ ಉಗುಳು ನುಂಗಿ, "ಪುಂಡಿಪಲ್ಯ ಭಾಳ ಛಲೋ ಆಗ್ಯದ," ಎಂದ. ಅಂಬಮ್ಮ ಗಾಬರಿಯಿಂದ ಅವನ ಹಣೆ ಮುಟ್ಟಿ ನೋಡಿದಳು. ಹತ್ತು ನಿಮಿಷದಲ್ಲಿ ಮೆಣಸು, ಶುಂಠಿ ಕುದಿಸಿದ ಕಷಾಯ ಬಂತು. ಜ್ವರ ಇಲ್ಲ ಎಂದು ಹೇಳಲಾರದೆ ಕುಡಿದ.

ಇನ್ನೊಂದು ಸಂಜೆ, ಕೈಯ ಬಳೆ ಒಡೆದು ಎರಡು ತಿಂಗಳಾಯಿತು, ನೋಡಿದವರಿಲ್ಲ ಎಂದು ನಾಯಿಗೆ ತೋರಿಸಿದಳು. ಮರುದಿನವೇ ಕಲ್ಯಾಣಪ್ಪ ಸಾಬಮ್ಮನ ಹತ್ತಿರ ಹೋಗಿ ಒಂದು ಡಜನ್ ಹಸಿರು ಬಳೆ ತಂದು, ಮಾತಾಡದೆ ದೇವರ ಮಾಡದ ಕೆಳಗಿಟ್ಟು ಕಚೇರಿಗೆ ಓಡಿದ. ಬಳೆ ಅಳತೆ ತಪ್ಪಿತ್ತು, ಎಂಟು ವರ್ಷದ ಹುಡುಗಿಯ ಕೈಗೂ ಬಿಗಿಯಾಗುವಂಥವು. ಅಂಬಮ್ಮ ಅವುಗಳನ್ನು ಮರಳಿಸಲಿಲ್ಲ. ಗೋಡೆಯ ಗೂಟಕ್ಕೆ ತೂಗುಹಾಕಿದಳು.

"ನನ್ನ ಕೈ ಎಷ್ಟದ ಅಂತ ಅವರಿಗಿ ಇನ್ನಾ ಗೊತ್ತಿಲ್ಲ ಬಹಾದ್ದೂರಾ," ಎಂದಳು ಆ ಸಂಜೆ ದಂಡೆಯ ಮೇಲೆ. "ಖರೆ ತಂದ್ರು ನೋಡು. ತಂದ್ರಲ್ಲ!"

ಮುಂದೆ ಹೊರಟಿದ್ದವನ ಕಣ್ಣಲ್ಲಿ ನೀರು ಬಂತು. ತಿರುಗಿದ್ದರೆ ಆಗಲೇ ಎಲ್ಲ ಬಗೆಹರಿದುಹೋಗುತ್ತಿತ್ತು. ತಿರುಗಲಿಲ್ಲ. ಆದರೆ ಅವನು ಕಚೇರಿಯಿಂದ ಬೇಗ ಬರತೊಡಗಿದ. ಸಂಜೆ ನಾಲ್ಕಕ್ಕೇ ಕೊಡೆ ಹಿಡಿದು ಬಾಗಿಲಲ್ಲಿ ನಿಂತು, "ಹೊತ್ತಾತು, ನಾಯಿ ಕಾಯಾಕತ್ತದ," ಎನ್ನುತ್ತಿದ್ದ. ನಾಯಿ ಆಗ ಅಂಗಳದಲ್ಲಿ ಸುಖವಾಗಿ ಮಲಗಿರುತ್ತಿತ್ತು.

ಸಾಹೇಬರು ಬರಲು ಎಂಟು ದಿನ ಉಳಿದಿತ್ತು. ಅಂದು ದಂಡೆಯ ಅರ್ಧ ದಾರಿಗೆ ಬಂದಾಗ ಅಂಬಮ್ಮ ನಾಯಿಗೆ ಹೇಳತೊಡಗಿದಳು.

"ನಿಮ್ಮ ಸಾಹೇಬರು ಬಂದ್ರ ಇವರಿಗಿ ಕಮಲಾಪುರಕ್ಕ ಬದಲಿ ಆಗ್ತದಂತ. ಆಗ್ಲಿ ಬಿಡು. ಇವರಿಗಿ ಆ ಊರಂದ್ರ ಜೀವ. ಅಲ್ಲಿ ಹೋದ್ರ ಕೆಂಪು ಬಾಳಿಹಣ್ಣು ಕುಂತಲ್ಲೇ ಹನ್ನೆರಡು ತಿಂತಾರ. ನನಗೇನದಪಾ ಅಲ್ಲಿ? ಅವ್ವ ಹೋದ ಮ್ಯಾಲ ಅದು ಶಂಕ್ರಮ್ಮ ವೈನಿ ಮನಿ. ಅಣ್ಣ ಆಕಿ ಮುಂದ ಬಾಯಿ ತೆರೆಯಾಂಗಿಲ್ಲ. ಆ ವರ್ಷ ಪಂಚಮಿಗಿ ಹೋದಾಗ ನಾ ಹೊಸ್ತಿಲಾ ದಾಟಿದ್ದಿಲ್ಲ, ‘ಯಾವಾಗ ಹೊಂಡ್ತಿ’ ಅಂತ ಕೇಳಿದ್ಲು. ಹೊಂಡೋ ದಿನ, ಇನ್ನೊಂದು ದಿನ ಇರು ಅಂತ ಬಾಯಿ ಮಾತಿಗಿ ಸೈತ ಯಾರೂ ಅನ್ಲಿಲ್ಲ. ಅದಕ್ಕ ಬಂಡ್ಯಾಗ ಕುಂತು ಕಲಬುರ್ಗಿ ತನಾ ಅತ್ತೆ. ಇವರು ಮುಂದ ಹೊಂಟಿದ್ರು. ಯಾಕ ಅಳ್ತಿ ಅಂತ ಕೇಳ್ಲಿಲ್ಲ. ಕೇಳಿದ್ರ ಹೇಳ್ತಿದ್ದೆ. ಇಲ್ಲಿ ನನ್ನ ಒಲಿ ಅದ, ನನ್ನ ಬಾಗಲ ಅದ. ಇದನ್ನ ಬಿಟ್ಟು ಮತ್ತ ಆಕಿ ಊರಾಗ, ದಿನಾ ಆಕಿ ಕಣ್ಣ ಮುಂದ ಹೆಂಗ ಇರ್ಲಿ?"

ಕಲ್ಯಾಣಪ್ಪ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಒಂಬತ್ತು ವರ್ಷ! ಒಂಬತ್ತು ಅರ್ಜಿ! ಅವನಿಗೆ ಬಾಳೆಹಣ್ಣು ಕಂಡರೆ ಆಗುತ್ತಿರಲಿಲ್ಲ. ಭಾವಮೈದುನ ಸಿಪ್ಪೆ ಸುಲಿದು ಕೈಗಿಟ್ಟಾಗ ಬೇಡ ಎನ್ನಲು ಬಾಯಿ ಬಾರದೆ ತಿಂದದ್ದು ಅಷ್ಟೂ. ಅವಳಿಗಾಗಿ ಅವನು ಆ ಊರು ಬೇಡುತ್ತಿದ್ದ, ಅವನಿಗಾಗಿ ಅವಳು ಆ ಊರಿಗೆ ಹೂಂಗುಟ್ಟಿದ್ದಳು. ಇಬ್ಬರಿಗೂ ಬೇಡದ ಊರಿಗಾಗಿ ಸರಕಾರದ ಎಷ್ಟು ಶಾಯಿ ಖರ್ಚಾಯಿತು!

ಇಂಥ ಹೊತ್ತಿನಲ್ಲಿ ನೀವಾದರೆ ಏನು ಮಾಡುತ್ತಿದ್ದಿರಿ? ಮನೆಗೆ ಹೋಗಿ, "ಏ, ನನಗೂ ಬ್ಯಾಡ, ನಿನಗೂ ಬ್ಯಾಡ, ಅರ್ಜಿ ಹರಿದು ಒಗೀತೀನಿ," ಎನ್ನುತ್ತಿದ್ದಿರಿ. ಕಲ್ಯಾಣಪ್ಪನೂ ಮರುದಿನ ಬೆಳಗ್ಗೆ "ಕಮಲಾಪುರ..." ಎಂದು ಬಾಯಿ ತೆರೆದ. ಅಂಬಮ್ಮ ಕೈಯಲ್ಲಿದ್ದ ತಂಬಿಗೆಯನ್ನು ಕೆಳಗಿಟ್ಟು ಅವನ ಮುಖವನ್ನೇ ನೋಡುತ್ತ ನಿಂತಳು. ಆಗ ಅವನಿಗೆ ದಿಗಿಲಾಯಿತು. ಹೇಳಿದರೆ, ನಾಯಿಯ ಜೊತೆ ಆಡಿದ್ದನ್ನು ತಾನು ಕದ್ದು ಕೇಳಿದ್ದು ಗೊತ್ತಾಗುತ್ತದೆ. ಗೊತ್ತಾದರೆ ಅವಳು ಇನ್ನು ಮಾತಾಡುವುದನ್ನೇ ಬಿಟ್ಟುಬಿಟ್ಟರೆ? ಹನ್ನೊಂದು ವರ್ಷದ ಮೇಲೆ ಸಿಕ್ಕ ಆ ದನಿ ನಿಂತುಹೋದರೆ? "ಕಮಲಾಪುರದಾಗ ಈಗ ಥಂಡಿ ಭಾಳ ಇರಬೇಕು," ಎಂದು ಹೇಳಿ ಕಚೇರಿಗೆ ನಡೆದ. ಅಂಬಮ್ಮ ತಂಬಿಗೆ ಎತ್ತಿಕೊಂಡು ಒಳಗೆ ಹೋದಳು.

ಮಾತಾಡದೆಯೇ ಕೆಲಸ ಸಾಧಿಸುವ ಉಪಾಯ ಹುಡುಕುವುದರಲ್ಲಿ ಕಲ್ಯಾಣಪ್ಪನನ್ನು ಮೀರಿಸುವವರಿಲ್ಲ. ಸಾಹೇಬರೇ ಸಿಟ್ಟಾಗಿ ಅರ್ಜಿ ಹರಿದು ಬಿಸಾಕಿದರೆ? ಯಾರೂ ಯಾರಿಗೂ ಏನೂ ಹೇಳಬೇಕಾಗಿಲ್ಲ. ಅಂದಿನಿಂದ ಶಿಕಾರಿ ನಾಯಿಯನ್ನು ಕೆಡಿಸುವ ಮಹಾಕಾರ್ಯಕ್ಕೆ ಸ್ವತಃ ಇಳಿದ. ಹೋಳಿಗೆ ಮಾಡಿಸಿ ಹಾಕಿದ. ತುಪ್ಪ ಸುರಿದ. ಮಾಂಸದ ವಾಸನೆಯೇ ಮರೆತುಹೋಗಲಿ ಎಂದು ಬಾಯಿಗೆ ಬೆಲ್ಲ ಹಚ್ಚಿದ. ಎಂಟು ದಿನದಲ್ಲಿ ಬಹಾದ್ದೂರ್ ಮಠದ ಜಂಗಮರಿಗಿಂತ ಹೆಚ್ಚು ಸಾತ್ವಿಕನಾದ.

ಸಾಹೇಬರು ಬಂದರು. ನಾಯಿಯನ್ನು ಮರಳಿಸುವ ದಿನ ಅಂಬಮ್ಮ ಅದರ ತಲೆ ಸವರಿ, ಕೊನೆಯ ರೊಟ್ಟಿ ತಿನ್ನಿಸಿ, ಅದರ ಬಟ್ಟಲನ್ನು ತೊಳೆದು ಗೋಡೆಗೆ ಕವುಚಿಟ್ಟಳು. ಕಲ್ಯಾಣಪ್ಪ ಬಂಗಲೆಗೆ ಹೋದ. ಇಮಾಮುದ್ದೀನ್ ಪ್ರೀತಿಯಿಂದ ನಾಯಿಯ ಮುಂದೆ ಮಾಂಸದ ತಟ್ಟೆ ಇಟ್ಟ. ಬಹಾದ್ದೂರ್ ಮೂಸಿದ, ಸೀನಿದ, ಮುಖ ತಿರುಗಿಸಿದ.

"ಯಾ ಅಲ್ಲಾ! ಕ್ಯಾ ಕರ್ ದಿಯೇ ಜೀ ತುಮ್?" ಇಮಾಮುದ್ದೀನ್ ತಲೆಗೆ ಕೈ ಹಚ್ಚಿದ. "ಕಲ್ಯಾಣಪ್ಪನವರ, ನಾಳಿ ಸಾಹೇಬ್ರು ಇದನ್ನ ಶಿಕಾರಿಗಿ ಒಯ್ತಾರ. ನಿಮ್ಮ ಕಥಿ ಮುಗೀತು ನೋಡ್ರಿ!"

ಕಲ್ಯಾಣಪ್ಪ ಬಹಳ ದಿನಗಳ ಮೇಲೆ ಹಗುರವಾದ ಮನಸ್ಸಿನಿಂದ ಮನೆಗೆ ಬಂದ.

ಮರುದಿನ ಶುಕ್ರವಾರ, ಕಚೇರಿಗೆ ರಜೆ, ಸಾಹೇಬರಿಗೆ ಶಿಕಾರಿ. ಶನಿವಾರ ಬೆಳಗ್ಗೆ ಕರೆ ಬಂತು. ಬೈಗುಳಕ್ಕೆ ತಲೆ ತಗ್ಗಿಸಿಕೊಂಡೇ ಒಳಗೆ ಹೋದ ಕಲ್ಯಾಣಪ್ಪನ ಬೆನ್ನನ್ನು ಸಾಹೇಬರು ಕುರ್ಚಿಯಿಂದೆದ್ದು ಬಂದು ತಟ್ಟಿದರು. "ಶಾಬಾಷ್! ಕ್ಯಾ ತಾಲೀಮ್ ದಿಯೇ ಮಿಯಾ!" ಎಂದರು. ಏನು ತಾಲೀಮು ಎಂದು ಅವನಿಗೆ ತಿಳಿಯಲಿಲ್ಲ. ಬಾಗಿಲಲ್ಲಿ ನಿಂತಿದ್ದ ಇಮಾಮುದ್ದೀನ್ ಕಿವಿಯಲ್ಲಿ ಉಸುರಿದ. ಇಷ್ಟು ದಿನ ಸಾಹೇಬರು ಹೊಡೆದು ಕೆಡವಿದ ಕೌಜುಗವನ್ನು ತರಲು ಬಿಟ್ಟರೆ ಈ ನಾಯಿ ದಾರಿಯಲ್ಲೇ ತಿಂದು, ಬಾಯಿ ಒರೆಸಿಕೊಂಡು ಬರುತ್ತಿತ್ತಂತೆ. ನಿನ್ನೆ ಏಳು ಹಕ್ಕಿಯನ್ನೂ ಹಲ್ಲು ತಾಗಿಸದೆ ತಂದು ಸಾಹೇಬರ ಪಾದದ ಹತ್ತಿರ ಸಾಲಾಗಿ ಇಟ್ಟಿತಂತೆ. ಯಾಕೆ ತಿನ್ನುತ್ತದೆ? ಅದಕ್ಕೆ ಹೋಳಿಗೆಯ ರುಚಿ ಹತ್ತಿತ್ತು. (ತನ್ನ ರೊಟ್ಟಿಯಿಂದ ಆದ ಈ ಪುಣ್ಯಕಾರ್ಯವನ್ನು ಅಂಬಮ್ಮನಿಗೆ ದಯವಿಟ್ಟು ಯಾರೂ ಹೇಳಬೇಡಿ.)

ಸಾಹೇಬರು ಮೇಜಿನ ಮೇಲಿಂದ ಮೊಹರು ಬಿದ್ದ ಕಾಗದ ತೆಗೆದುಕೊಟ್ಟರು. ಕಮಲಾಪುರದ ಗಿರ್ದಾವರ. ಸೋಮವಾರ ಹಾಜರಾಗಬೇಕು. ಇಲ್ಲಿಯ ಜಾಗಕ್ಕೆ ಹೊಸಬ ಆಗಲೇ ಬಂದು ಹೊರಗೆ ಕೂತಿದ್ದಾನೆ.

"ಖುಷ್?" ಎಂದು ಕೇಳಿದರು ಸಾಹೇಬರು.

ಅದು ಹುಕುಮಲ್ಲ, ಪ್ರಶ್ನೆ. ಇಲ್ಲ ಎನ್ನಬಹುದಾಗಿತ್ತು. ನನಗೆ ಬೇಡ ಹುಜೂರ್, ನನ್ನ ಹೆಂಡತಿಗೆ ಆ ಊರು ಸೇರುವುದಿಲ್ಲ ಎನ್ನಬಹುದಾಗಿತ್ತು. ಸಾಹೇಬರು ಒಳ್ಳೆಯ ಮನುಷ್ಯ, ನಕ್ಕು ಕಾಗದ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದರೋ ಏನೋ. ಕಲ್ಯಾಣಪ್ಪ ಬಾಯಿ ತೆರೆದ. ಹನ್ನೊಂದು ವರ್ಷದ ಅಭ್ಯಾಸ ಅದರೊಳಗಿಂದ ತಾನಾಗಿಯೇ ಹೊರಗೆ ಬಂತು.

"ಜೀ ಹುಜೂರ್."

ಮನೆಯಲ್ಲಿ ಅಂಬಮ್ಮ ರೊಟ್ಟಿ ಬಡಿಯುತ್ತಿದ್ದಳು. ಅವನು ಸುದ್ದಿ ಹೇಳಿದಾಗ ಅವಳ ಕೈ ನಿಂತಿತು, ಮತ್ತೆ ಬಡಿಯತೊಡಗಿತು.

"ಛಲೋ ಆತು ಬಿಡ್ರಿ," ಎಂದಳು ಒಲೆಯ ಕಡೆಗೇ ಮುಖ ಮಾಡಿ. "ನಿಮ್ಮ ಆಸೆ ಈಡೇರ್ತು."

ಹಂಚಿನ ಮೇಲಿನ ರೊಟ್ಟಿ ಹೊತ್ತಿತು. ಅವಳ ಕೈಯಲ್ಲಿ ರೊಟ್ಟಿ ಹೊತ್ತಿದ್ದನ್ನು ಕಲ್ಯಾಣಪ್ಪ ಅದುವರೆಗೆ ಕಂಡಿರಲಿಲ್ಲ. ಅದನ್ನೇ ಕೇಳಿ ಹಾಕಿಸಿಕೊಂಡು ತಿಂದ.

ಆ ದಿನ ಸಂಜೆ, ಕಮಲಾಪುರದ ಬಂಡಿಗೆ ಹೇಳಿ ಬಂದು, ಗಂಟುಮೂಟೆಗಳ ನಡುವೆ ನಿಂತು ಅವನೇ ಕೇಳಿದ. "ಕೆರಿಗಿ ಹೋಗಿ ಬರೋಣೇನು?"

"ನಾಯಿ ಇಲ್ಲಲ್ರೀ."

"ಹಂಗ ಸುಮ್ನ."

ಹೋದರು. ಮುಂದೆ ಅವನು, ಹಿಂದೆ ಅವಳು. ಕಲ್ಯಾಣಪ್ಪ ಕಿವಿ ಹಿಂದಿಟ್ಟು ನಡೆದ. ಕಾಲುಂಗುರದ ಸದ್ದು ಬಿಟ್ಟರೆ ಏನೂ ಕೇಳಿಸಲಿಲ್ಲ. ಗುಡಿಯ ತಿರುವು ದಾಟಿತು, ಕಟ್ಟೆ ದಾಟಿತು, ಜನ ಕಡಿಮೆಯಾಗುವ ಕಡೆಯೂ ಬಂತು. ಒಂದು ಮಾತಿಲ್ಲ. ದಂಡೆಯ ಕೊನೆ ಮುಟ್ಟಿದಾಗ ಅವನಿಗೆ ಇನ್ನು ತಡೆಯಲಾಗಲಿಲ್ಲ. ತಿರುಗಿದ. ದೂರದಲ್ಲಿ ಅಣವೀರಪ್ಪ ಎದ್ದು ನಿಂತು ನೋಡುತ್ತಿದ್ದ. ನೋಡಲಿ ಎಂದು ಹತ್ತು ಹೆಜ್ಜೆ ಹಿಂದಕ್ಕೆ ನಡೆದು ಅವಳ ಎದುರಿಗೆ ನಿಂತ.

ಅಂಬಮ್ಮ ನೆಲ ನೋಡಿದಳು. "ಏನಾರ ಬಿತ್ತೇನ್ರಿ?"

"ಇಲ್ಲ. ಏನಾರ ಮಾತಾಡು."

"ನಾ ಏನ್ ಮಾತಾಡ್ಲಿ?"

"ಆ ನಾಯಿ ಜೋಡಿ ಮಾತಾಡ್ತಿದ್ದೆಲ್ಲ, ಹಂಗ." ಒಮ್ಮೆ ಶುರುವಾದ ಮೇಲೆ ಅವನ ಬಾಯಿ ನಿಲ್ಲಲಿಲ್ಲ. "ನಾ ಎಲ್ಲಾ ಕೇಳೀನಿ. ಗೊರಕಿದೂ ಕೇಳೀನಿ, ಬಳಿದೂ ಕೇಳೀನಿ. ಶಂಕ್ರಮ್ಮಂದು, ನೀ ಬಂಡ್ಯಾಗ ಅತ್ತದ್ದು, ಎಲ್ಲಾ. ನನಗೂ ಆ ಊರು ಬ್ಯಾಡಾಗಿತ್ತು. ನೀ ನಾಯಿಗಿ ಹೇಳಿದ್ದನ್ನ ನಾ ಹಂಗ ಕದ್ದು ಕೇಳಬಾರದಿತ್ತು. ತಪ್ಪಾತು."

ಅಂಬಮ್ಮ ತಲೆಯೆತ್ತಿ ಅವನನ್ನು ನೋಡಿದಳು. ಸಿಟ್ಟಿನಿಂದ ನೋಡಿದ್ದರೆ ಅವನು ಹೇಗೋ ತಾಳಿಕೊಳ್ಳುತ್ತಿದ್ದ.

"ಅದು ಹೈದರಾಬಾದಿನ ನಾಯಿರೀ," ಎಂದಳು. "ಆವ್, ಬೈಠ್ ಅಂದ್ರ ತಿಳೀತಿತ್ತು. ಅದಕ್ಕ ನಾ ಕನ್ನಡದಾಗ, ಅಷ್ಟು ಒದರಿ ಒದರಿ, ನನ್ನ ಮನಿ ಸುದ್ದಿ ಹೇಳ್ತೀನೇನು? ರಸ್ತೆದಾಗ ಹೆಂಗಸು ಗಂಡನ ಹೆಸರು ಹಿಡಿದು ಕರಿಯಾಂಗಿಲ್ಲ, ನಿಲ್ರಿ ಅನ್ನಾಂಗಿಲ್ಲ. ನಿಮಗ ಹೇಳಾಕತ್ತಿದ್ದೆ. ಇವತ್ತ ತಿರುಗ್ತಾರ, ನಾಳಿ ತಿರುಗ್ತಾರ ಅಂತ ಒಂದು ತಿಂಗಳ ನೋಡ್ದೆ. ನಿಮಗ ಕೇಳಿಸಾಂಗಿಲ್ಲ ಅಂತ ತಿಳಿದು ಸುಮ್ನಾದೆ. ಕೇಳಿತ್ತಂತ ಈಗ ಹೇಳ್ತೀರಿ."

ಕಲ್ಯಾಣಪ್ಪ ಕೊಡೆಯನ್ನು ಈ ಕೈಯಿಂದ ಆ ಕೈಗೆ ತೆಗೆದುಕೊಂಡ. ಏನು ಹೇಳಬೇಕೆಂದು ಅವನಿಗೆ ಆಗ ಸ್ಪಷ್ಟವಾಗಿ ಗೊತ್ತಿತ್ತು, ಎಲ್ಲ ಮಾತೂ ಬಾಯಲ್ಲಿ ಸಿದ್ಧವಾಗಿತ್ತು. ಆದರೆ ಮನೆಯ ಮುಂದೆ ಕಮಲಾಪುರದ ಬಂಡಿ ಬಂದು ನಿಂತು ಆಗಲೇ ಅರ್ಧ ಗಂಟೆಯಾಗಿತ್ತು, ಮತ್ತು ಬಂಡಿಯವನು ಅವರನ್ನು ಹುಡುಕಿಕೊಂಡು ದಂಡೆಗುಂಟ ಕೂಗುತ್ತ ಬರುತ್ತಿದ್ದ.